ರೇಲ್ವೆ ಪ್ರತಿರೂಪಗಳ ಸಂಗ್ರಹವೂ ಮಿರಜದ ಮೂರು ಗೇಜುಗಳೂ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಕಿರುರೈಲುಗಳ ವಿಷಯವಾಗಿ ಬರೆಯಹೊರಟಿರುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಶಾಸನ, ಕಡತ, ನಾಣ್ಯ, ಕೈಫಿಯತ್ತುಗಳನ್ನು ಆಧಾರವೆಂದು ಒಪ್ಪಿದ ನಾವು, ಹವ್ಯಾಸಿಗಳು ಮೇಜಿನ ಮೇಲೆ ಓಡಿಸುವ ಗೇಣುದ್ದದ ಎಂಜಿನನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ಈ ಪ್ರಶ್ನೆ ನಮ್ಮೆದುರಿಗೆ ಬಂದುದು ಮಿರಜ–ಬೆಳಗಾವಿ ರೈಲುದಾರಿಯ ಇತಿಹಾಸಕ್ಕೆ ಸಾಮಗ್ರಿಯನ್ನು ಹುಡುಕುತ್ತಿದ್ದಾಗ. ಮಂಗಸೂಳಿ, ಶೇಡಬಾಳ, ಉಗಾರ, ಕುಡಚಿಗಳ ಹಿರಿಯರು ಮೀಟರ್‌ಗೇಜಿನ ಉಗಿ ಎಂಜಿನುಗಳನ್ನು ಕುರಿತು ಎಷ್ಟೋ ಹೇಳುತ್ತಾರೆ. ಆದರೆ ಅವುಗಳ ಆಕಾರವೆಂತಹದು, ಅಳತೆಯೆಷ್ಟು, ಬಣ್ಣವಾವುದು ಎಂದು ನಿಶ್ಚಯಿಸಿಕೊಳ್ಳಲು ಆ ಊರುಗಳಲ್ಲಿ ಕಣ್ಣೆದುರಿಗೆ ಏನೂ ಉಳಿದಿಲ್ಲ. ಆದುದರಿಂದ ಪ್ರತಿರೂಪಗಳನ್ನು ಕೂಡಿಡುವ ಕೆಲವರಲ್ಲಿಗೆ ಹೋಗಿ ವಿಚಾರಿಸಿದೆವು. ಅವರ ಕಪಾಟುಗಳಲ್ಲಿ ಜರ್ಮನಿಯ ಎಂಜಿನುಗಳಿದ್ದವು, ಇಂಗ್ಲೆಂಡಿನವಿದ್ದವು, ಅಮೇರಿಕದವೂ ಇದ್ದವು. ಕೃಷ್ಣೆಯ ಸೇತುವೆಯನ್ನು ದಾಟಿ ಉಗಾರದಿಂದ ಕುಡಚಿಗೆ ಓಡಿದ ಜಾತಿಯ ಎಂಜಿನು ಮಾತ್ರ ಒಂದೂ ಇರಲಿಲ್ಲ. ದಿನದಿನಕ್ಕೆ ಬೆಳೆಯುವ ಸಂಗ್ರಹದಲ್ಲಿ ಮನೆಯ ಬಾಗಿಲ ಮುಂದಿನ ಗಾಡಿಗೇ ಸ್ಥಳವಿಲ್ಲದೆ ಹೋದುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿಷಯಕ್ಕೆ ಇಳಿಯುವ ಮುನ್ನ ಎರಡು ಶಬ್ದಗಳನ್ನು ಬಿಡಿಸಿಕೊಳ್ಳಬೇಕು. ಮೂಲ ಎಂಜಿನಿಗಿಂತ ಪ್ರತಿರೂಪವು ಎಷ್ಟು ಪಟ್ಟು ಚಿಕ್ಕದು ಎಂಬುದು ಪ್ರಮಾಣ. ಎರಡು ಹಳಿಗಳ ಒಳ ಅಂಚುಗಳ ನಡುವಣ ಅಂತರ ಗೇಜು. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌.ಓ. ಎಂಬ ಪ್ರಮಾಣದಲ್ಲಿ ಪ್ರತಿರೂಪವು ಮೂಲದ 87ನೆಯ ಒಂದು ಭಾಗದಷ್ಟಿರುತ್ತದೆ; ಅದರ ಹಳಿಯ ಗೇಜು 16.5 ಮಿಲಿಮೀಟರು. ಯೂರೋಪು, ಅಮೇರಿಕಗಳ ಬಹುತೇಕ ರೇಲ್ವೆಗಳ ಗೇಜು 1435 ಮಿಲಿಮೀಟರಾದುದರಿಂದ ಅದನ್ನು 87ರಿಂದ ಭಾಗಿಸಿದರೆ ಸರಿಯಾಗಿ ಈ ಸಂಖ್ಯೆಯೇ ಬರುತ್ತದೆ. ಅಂದರೆ ಅವರ ಹಳಿಯು ಅವರ ಗಾಡಿಗೆ ಒಪ್ಪುವಂತೆ ಹುಟ್ಟಿಕೊಂಡಿದೆ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮಿರಜಕ್ಕೆ ಬಂದಾಗ ಇದರ ಅಗತ್ಯ ಬೀಳುತ್ತದೆ.

ಹವ್ಯಾಸಿಗಳ ಎಂಜಿನುಗಳು ಒಂದರ ಮೇಲೊಂದು ಏಕೆ ಹೆಚ್ಚುತ್ತವೆ ಎಂಬುದಕ್ಕೆ ಅವರ ಮನೆಯವರು ಕೊಡುವ ಕಾರಣ ಹುಚ್ಚು ಎಂಬುದೊಂದೇ. ನಮಗೆ ಕಂಡಂತೆ ಕಾರಣವು ಮನಸ್ಸಿನಲ್ಲಿರುವಷ್ಟೇ ವ್ಯಾಪಾರದಲ್ಲಿಯೂ ಇದೆ. ಜರ್ಮನಿಯ ಗೋಪಿಂಗೆನ್ ಊರಿನಲ್ಲಿ 1859ರಲ್ಲಿ ಹುಟ್ಟಿದ ಮರ್ಕ್ಲಿನ್ ಸಂಸ್ಥೆಯು ಮೊದಲು ತಯಾರಿಸುತ್ತಿದ್ದುದು ಗೊಂಬೆಮನೆಯ ತಗಡಿನ ಅಡಿಗೆ ಪಾತ್ರೆಗಳನ್ನು. ಗೊಂಬೆಮನೆಯ ಗುಣವೆಂದರೆ ಅದು ಒಂದು ಸಲಕ್ಕೆ ಮುಗಿಯುವುದಿಲ್ಲ. ಈ ವರ್ಷ ಒಲೆ, ಮುಂದಿನ ವರ್ಷ ಕೊಡ, ಆ ಮುಂದಿನ ವರ್ಷ ತಟ್ಟೆ ಬಟ್ಟಲು. 1891ರ ಲೈಪ್‌ಜಿಗ್ ಮೇಳದಲ್ಲಿ ಈ ಸಂಸ್ಥೆ ಇದೇ ಉಪಾಯವನ್ನು ರೈಲಿಗೆ ಅನ್ವಯಿಸಿತು. ಕೀಲಿ ಕೊಟ್ಟರೆ ಓಡುವ ಗಾಡಿ, ಬೇಕಾದಷ್ಟು ಜೋಡಿಸುತ್ತ ಹೋಗಬಹುದಾದ ಹಳಿಯ ತುಂಡುಗಳು, ಗೊತ್ತುಪಡಿಸಿದ ಗೇಜುಗಳು ಇವು ಅಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ಅದಕ್ಕೆ ಮೊದಲೂ ಆಟಿಗೆಯ ರೈಲುಗಳಿದ್ದವು. ಆದರೆ ಅವು ಕೊಂಡ ದಿನವೇ ಪೂರ್ಣವಾಗಿದ್ದವು. ಇನ್ನು ಮೇಲೆ ಕೊಂಡದ್ದು ಬರಿಯ ಆರಂಭವಾಯಿತು. ಗೇಜು ಗೊತ್ತಾದುದರಿಂದ ಹೊಸ ಎಂಜಿನು ಹಳೆಯ ಹಳಿಯ ಮೇಲೆಯೇ ಓಡತೊಡಗಿತು. ಹಳೆಯದನ್ನು ಎಸೆಯುವ ಕಾರಣವಿಲ್ಲವಾಗಿ, ಹೊಸತನ್ನು ಕೊಳ್ಳುವ ಕಾರಣ ಉಳಿಯಿತು. ಅಮೇರಿಕದ ಲಯೊನೆಲ್ (1900) ಹಾಗೂ 1920ರಿಂದ ರೈಲುಗಳನ್ನು ಮಾರತೊಡಗಿದ ಇಂಗ್ಲೆಂಡಿನ ಹಾರ್ನ್‌ಬಿ ಇವು ಇದೇ ಜಾಡನ್ನು ಹಿಡಿದು ಬೆಳೆದವು.

ಸಂಗ್ರಹದಲ್ಲಿ ಡಬ್ಬಿಗಳಿಗಿಂತ ಎಂಜಿನುಗಳಿಗೇ ಪ್ರಾಶಸ್ತ್ಯ ಹೆಚ್ಚು. ಡಬ್ಬಿಗೆ ಮುಖವಿಲ್ಲ, ಎಂಜಿನಿಗೆ ವರ್ಗವಿದೆ, ಸಂಖ್ಯೆಯಿದೆ, ಕೆಲವೊಮ್ಮೆ ಹೆಸರೂ ಇದೆ. ಇಲ್ಲಿ ಇತಿಹಾಸಕಾರರಾದ ನಾವು ಗಮನಿಸಬೇಕಾದ ಒಂದು ಸಂಗತಿಯುಂಟು. ಇಂಗ್ಲೆಂಡಿನ ಪ್ರಸಿದ್ಧ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಎಂಜಿನು 1923ರಲ್ಲಿ ಹೊರಬಿದ್ದಾಗ ಅದರ ಸಂಖ್ಯೆ 1472 ಇದ್ದಿತು. ಅನಂತರ ಅದು 4472 ಆಯಿತು, 502 ಆಯಿತು, 103 ಆಯಿತು. ರೇಲ್ವೆಗಳು 1948ರಲ್ಲಿ ರಾಷ್ಟ್ರೀಕರಣವಾದ ಮೇಲೆ 60103 ಆಯಿತು. ಸಂಖ್ಯೆಯೊಡನೆ ಬಣ್ಣವೂ ಬದಲಾಯಿತು. ಮೂಲದಲ್ಲಿ ಎಂಜಿನು ಒಂದೇ. ಕಪಾಟಿನಲ್ಲಿ ಅದು ಮೂರೋ ನಾಲ್ಕೋ ಆಗಬಲ್ಲುದು. ಯೂರೋಪಿನ ಹವ್ಯಾಸಿಗಳು ರೇಲ್ವೆಯ ಇತಿಹಾಸವನ್ನೇ ಯುಗಗಳನ್ನಾಗಿ ವಿಂಗಡಿಸಿ ಅವುಗಳಿಗೆ ಕ್ರಮಸಂಖ್ಯೆ ಕೊಟ್ಟಿದ್ದಾರೆ. ಪ್ರತಿರೂಪದ ಪೆಟ್ಟಿಗೆಯ ಮೇಲೆ ಯುಗದ ಸಂಖ್ಯೆಯನ್ನು ಅಚ್ಚುಮಾಡಿರುತ್ತಾರೆ. ಯುಗವಿಭಜನೆಯನ್ನು ಕುರಿತು ನಾವು ವಿದ್ಯಾರ್ಥಿಗಳಿಗೆ ಎಷ್ಟು ಪಾಠ ಹೇಳಿದರೂ ಹತ್ತದ ಆಸಕ್ತಿಯನ್ನು ಈ ಪೆಟ್ಟಿಗೆಗಳು ಹುಟ್ಟಿಸುತ್ತವೆಂಬುದನ್ನು ಒಪ್ಪಿಕೊಳ್ಳಬೇಕು.

ಸ್ಥಳದ ಅಭಾವವೂ ಸಂಗ್ರಹವನ್ನು ತಡೆಯಲಿಲ್ಲ. ಮನೆಗಳು ಚಿಕ್ಕವಾದಂತೆ ಪ್ರತಿರೂಪಗಳೂ ಚಿಕ್ಕವಾದವು: 9 ಮಿಲಿಮೀಟರು ಗೇಜಿನ 'ಎನ್' 1960ರ ದಶಕದಲ್ಲಿ ಬಂದಿತು, ಮೂಲಕ್ಕಿಂತ 220 ಪಟ್ಟು ಚಿಕ್ಕದಾದ 'ಜ಼ಡ್' 1972ರಲ್ಲಿ ಬಂದಿತು. ಹಳಿಯಲ್ಲಿ ಹರಿಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡಿ ಓಡಿಸುವ ಹಳೆಯ ಪದ್ಧತಿಯಲ್ಲಿ ಒಂದು ಹಳಿಯ ಮೇಲೆ ನಿಂತ ಎಂಜಿನುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು. 1990ರ ದಶಕದಿಂದ ಈಚೆಗೆ ಪ್ರತಿ ಎಂಜಿನಿನ ಹೊಟ್ಟೆಯಲ್ಲಿ ಒಂದು ಚಿಪ್ಪನ್ನಿಟ್ಟು ಅದಕ್ಕೆ ಬೇರೆ ಬೇರೆ ಸಂಖ್ಯೆ ಕೊಡುವ ವ್ಯವಸ್ಥೆ ರೂಢಿಗೆ ಬಂದುದರಿಂದ ಒಂದೇ ಹಳಿಯ ಮೇಲೆ ಹಲವನ್ನು ಬೇರೆ ಬೇರೆಯಾಗಿ ನಡೆಸಬಹುದಾಯಿತು. ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ 'ಮಿನಿಯಾಟುರ್ ವುಂಡರ್‌ಲಾಂಡ್' ಪ್ರದರ್ಶನದಲ್ಲಿ ಸಾವಿರಕ್ಕೂ ಹೆಚ್ಚು ಕಿರುರೈಲುಗಳಿವೆ.

ನಮ್ಮ ದೇಶಕ್ಕೆ ಈ ಹವ್ಯಾಸವು ಅರಮನೆಯ ಬಾಗಿಲಿನಿಂದ ಬಂದಿತು. ಗ್ವಾಲಿಯರಿನ ಸಿಂದೆ ಮಹಾರಾಜರ ಊಟದ ಮೇಜಿನ ಮೇಲೆ ಅತಿಥಿಗಳ ಮುಂದೆ ಮದ್ಯ, ಚುಟ್ಟಾಗಳನ್ನು ಹೊತ್ತು ಸುತ್ತುತ್ತಿದ್ದ ಬೆಳ್ಳಿಯ ರೈಲನ್ನು ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಸಂಸ್ಥೆ 1906ರಲ್ಲಿ ಮಾಡಿಕೊಟ್ಟಿತು; ಜಯವಿಲಾಸ ಅರಮನೆಯಲ್ಲಿ ಅದನ್ನು ಇಂದಿಗೂ ಕಾಣಬಹುದು. ಸ್ವಾತಂತ್ರ್ಯಾನಂತರ ಅನೇಕ ದಶಕಗಳವರೆಗೆ ಇಂತಹ ಭೋಗದ ಪದಾರ್ಥಗಳ ಆಮದಿನ ಮೇಲೆ ಕಟ್ಟುಪಾಡುಗಳಿದ್ದವು. ಪರಿಮಾಣದ ನಿರ್ಬಂಧಗಳು ಪೂರ್ತಿಯಾಗಿ ಹೋದುದು 2001ರ ಏಪ್ರಿಲಿನಲ್ಲಿ. ಆ ನಡುವೆ ಸಾಮಾನ್ಯರ ಮಕ್ಕಳಿಗೆ ದೊರೆಯುತ್ತಿದ್ದುದು ಜಾತ್ರೆಯ ರೈಲು. ಮಂಗಸೂಳಿಯ ಖಂಡೋಬನ ದರ್ಶನಕ್ಕೆ ಹೋಗಿ ಭಂಡಾರ ಹಾರಿಸಿ ಬರುವಾಗ, ಕೀಲಿ ತಿರುವಿದರೆ ದುಂಡು ಹಳಿಯ ಮೇಲೆ ಓಡುವ ಪ್ಲಾಸ್ಟಿಕ್ಕಿನ ಗಾಡಿಯನ್ನು ನಾವೂ ಹಟಹಿಡಿದು ಕೊಂಡದ್ದುಂಟು. ಮೂರನೆಯ ದಿನಕ್ಕೆ ಕೀಲಿ ಕಳೆದುಹೋಗುತ್ತಿದ್ದಿತು. ಅದು ಯಾವ ದೇಶದ ಯಾವ ಎಂಜಿನಿನ ಪ್ರತಿರೂಪವೂ ಅಲ್ಲವಾದುದರಿಂದ ಅದನ್ನು ನಮ್ಮ ವಿವೇಚನೆಯಿಂದ ಬಿಡಬೇಕಾಗಿದೆ.

ಈ ಸೀಮೆಗೆ ಸಮೀಪವಾಗಿ ಕಿರುರೈಲುಗಳನ್ನು ವ್ಯವಸ್ಥಿತವಾಗಿ ನೋಡಬೇಕೆಂದರೆ ಪುಣೆಗೆ ಹೋಗಬೇಕು. ಅಲ್ಲಿಯ ಕೋಥರೂಡದಲ್ಲಿ ಭಾವೂ ಜೋಶಿಯವರು ತಮ್ಮ ಜೀವಮಾನದ ಹವ್ಯಾಸವನ್ನು 1998ರಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಸಿಗ್ನಲ್ಲು, ಬೀದಿದೀಪ, ಸರ್ಕಸ್ಸಿನ ಡೇರೆಗಳುಳ್ಳ ಒಂದು ಕಿರುನಗರದ ಸುತ್ತ ಎಚ್‌.ಓ. ಪ್ರಮಾಣದ ಗಾಡಿಗಳು ಓಡುತ್ತವೆ. ಎಂಜಿನುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಶಾಲೆಯ ಮಕ್ಕಳ ಮುಂದೆ ಓಡಿಸಿ ತೋರಿಸುವುದು ಈ ಸಂಸ್ಥೆಯ ದೊಡ್ಡ ಗುಣ. ಅಲ್ಲಿ ನಾವು ಬಹಳ ಹೊತ್ತು ನಿಂತೆವು. ಆದರೆ ನಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಮತ್ತೆ ಮಿರಜಕ್ಕೆ ಹಿಂದಿರುಗಬೇಕು.

1876–78ರ ಮಹಾಕ್ಷಾಮದ ಅನಂತರ ಬರಪೀಡಿತ ಪ್ರದೇಶಗಳಿಗೆ ಧಾನ್ಯ ಸಾಗಿಸುವ ಹಳಿಗಳು ಬೇಕೆಂಬ ವಾದಕ್ಕೆ ಬಲ ಬಂದು, 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. ಖರ್ಚು ಕಡಿಮೆಯೆಂದು ಅದು ಆರಿಸಿಕೊಂಡುದು ಮೀಟರ್‌ಗೇಜನ್ನು. ಆ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿದ್ದಿತು. 1917ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜು ನೆಲೆಸಿದುದು ಆ ಕಚೇರಿಯ ಕಟ್ಟಡದಲ್ಲಿಯೇ ಎಂಬುದನ್ನು ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಲೋಂಡಾದಿಂದ ಬೆಳಗಾವಿ, ಘಟಪ್ರಭಾ, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮೇಲೆ ಮಿರಜಕ್ಕೂ ಅಲ್ಲಿಂದ ಪುಣೆಗೂ ಈ ದಾರಿ ಹೋಯಿತು. ಕಂಪನಿಯು 1908ರಲ್ಲಿ ಮದ್ರಾಸು ರೇಲ್ವೆಯೊಡನೆ ಕೂಡಿಕೊಂಡಿತು. 1951ರಲ್ಲಿ ದಕ್ಷಿಣ ರೇಲ್ವೆಯ ಭಾಗವಾಯಿತು. ಎರಡನೆಯ ಗೇಜು ಪೂರ್ವದಿಂದ ಬಂದಿತು. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರನು 1897ರಲ್ಲಿ ಆರಂಭಿಸಿದ ಬಾರ್ಸಿ ಲೈಟ್ ರೇಲ್ವೆಯ ಎರಡೂವರೆ ಅಡಿಯ ನ್ಯಾರೋಗೇಜು ಪಂಢರಪುರವನ್ನು ಹಾಯ್ದು 1927ರಲ್ಲಿ ಮಿರಜವನ್ನು ಮುಟ್ಟಿತು. 1971ರಲ್ಲಿ ಪುಣೆ–ಮಿರಜ ದಾರಿ ಬ್ರಾಡ್‌ಗೇಜಾಯಿತು. ಅಲ್ಲಿಂದ ಮುಂದೆ ಎರಡು ದಶಕಗಳವರೆಗೆ ಮೂರು ಗೇಜುಗಳು ಒಂದೇ ಊರಿನಲ್ಲಿ ಸಂಧಿಸುತ್ತಿದ್ದವು. ಮುಂಬಯಿಯಿಂದ ಬೆಂಗಳೂರಿಗೆ ಹೋಗುವವರು ಗಂಟುಮೂಟೆ ಹೊತ್ತು ಇಲ್ಲಿ ಗಾಡಿ ಬದಲಿಸುತ್ತಿದ್ದರು. ಪಂಢರಿಯ ವಾರಕರಿಗಳು ಪುಟ್ಟ ಗಾಡಿಗೆ ಹತ್ತುತ್ತಿದ್ದರು. ನಮ್ಮ ಕಡೆಯ ಜನ ಮೀಟರ್‌ಗೇಜಿನ ಗಾಡಿಯನ್ನು ಹಿಡಿದು ಶೇಡಬಾಳ, ಉಗಾರಗಳಲ್ಲಿ ಇಳಿಯುತ್ತಿದ್ದರು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜೆಂಬ ಯೋಜನೆ ಬಂದಿತು. ಆ ದಶಕದಲ್ಲಿಯೇ ಮೀಟರ್‌ಗೇಜು ಹೋಯಿತು. ಈ ಶತಮಾನದ ಮೊದಲ ದಶಕ ಮುಗಿಯುವುದರೊಳಗೆ ಮಿರಜದ ನ್ಯಾರೋಗೇಜು ಗಾಡಿಯೂ ನಿಂತಿತು.

ಬದಲಾವಣೆಯು ಅನಾವಶ್ಯಕವಾಗಿತ್ತೆಂದು ನಾವು ಹೇಳುವುದಿಲ್ಲ. ಮಿರಜದ ಹಲಗೆಗಟ್ಟೆಯ ಮೇಲೆ ಸರಕನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಕಷ್ಟವನ್ನು ಹಮಾಲರನ್ನು ಕೇಳಿಯೇ ತಿಳಿಯಬೇಕು. ನಮ್ಮ ಮಾತು ಹಳಿ ಹೋದುದರ ಬಗ್ಗೆ ಅಲ್ಲ, ಹೋದ ಹಳಿಯ ಗುರುತು ಎಲ್ಲಿ ಉಳಿದಿದೆ ಎಂಬುದರ ಬಗ್ಗೆ.

ಒಬ್ಬ ಹವ್ಯಾಸಿಯು 1980ರ ಸುಮಾರಿನ ಮಿರಜ ನಿಲ್ದಾಣವನ್ನು ಎಚ್‌.ಓ. ಪ್ರಮಾಣದಲ್ಲಿ ಕಟ್ಟಬಯಸುತ್ತಾನೆಂದು ಭಾವಿಸೋಣ. ಬ್ರಾಡ್‌ಗೇಜು 1676 ಮಿಲಿಮೀಟರು; 87ರಿಂದ ಭಾಗಿಸಿದರೆ 19.26. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಹಳಿ 16.5. ಹತ್ತಿರ ಹತ್ತಿರ ಮೂರು ಮಿಲಿಮೀಟರು ಕಡಿಮೆ. ಮೂಲದ ಅಳತೆಗೆ ತಂದರೆ ಒಂಬತ್ತೂವರೆ ಅಂಗುಲ. ಆ ಹಳಿಯ ಮೇಲೆ ನಿಂತ ಭಾರತದ ಬ್ರಾಡ್‌ಗೇಜು ಎಂಜಿನು, ಅಗಲವಾದ ಮೈಗೆ ಕಾಲುಗಳನ್ನು ಒತ್ತಾಗಿ ಜೋಡಿಸಿಕೊಂಡು ನಿಂತ ಎಮ್ಮೆಯಂತೆ ಕಾಣುತ್ತದೆ. (ಈ ದೋಷ ನಮ್ಮದು ಮಾತ್ರವಲ್ಲ. ಬ್ರಿಟನ್ನಿನ ಎಂಜಿನುಗಳ ಮೈ ಚಿಕ್ಕದಾಗಿ, ಅದರೊಳಗೆ ಆ ಕಾಲದ ಮೋಟಾರು ಹಿಡಿಸದಿದ್ದುದರಿಂದ ಅವರು ಮೈಯನ್ನು 76ನೆಯ ಒಂದು ಭಾಗಕ್ಕೆ ಹಿಗ್ಗಿಸಿ ಹಳಿಯನ್ನು ಮಾತ್ರ 16.5ಕ್ಕೇ ಬಿಟ್ಟರು. ಇಂದಿಗೂ ಅವರ ಅಂಗಡಿಯ ಎಂಜಿನುಗಳು ಕಿರಿದಾದ ಹಳಿಯ ಮೇಲೆಯೇ ಓಡುತ್ತಿವೆ.) ನ್ಯಾರೋಗೇಜು 762 ಮಿಲಿಮೀಟರು, ಭಾಗಿಸಿದರೆ 8.76. ಇದಕ್ಕೆ 9 ಮಿಲಿಮೀಟರಿನ ಹಳಿ ಸರಿಹೊಂದುತ್ತದೆ. ಮೀಟರ್‌ಗೇಜಿಗೆ ಬೇಕಾದುದು 11.49, ಸ್ವಿಟ್ಜರ್ಲೆಂಡಿನ ಬೆಟ್ಟಗಳ ರೇಲ್ವೆಗಳು ಮೀಟರ್‌ಗೇಜಿನವಾದುದರಿಂದ ಅವುಗಳಿಗಾಗಿ 12 ಮಿಲಿಮೀಟರಿನ ಹಳಿ ತಯಾರಾಗಿ ಮಾರಾಟಕ್ಕಿದೆ.

ಹೀಗೆ ನೋಡಿದರೆ ವಿಚಿತ್ರವಾದ ಫಲ ಹೊರಬೀಳುತ್ತದೆ. ಉಳಿದುಕೊಂಡ ಬ್ರಾಡ್‌ಗೇಜಿಗೆ ಸರಿಯಾದ ಹಳಿಯಿಲ್ಲ. ಅಳಿದುಹೋದ ಎರಡು ಗೇಜುಗಳಿಗೆ ಹಳಿಯುಂಟು, ಮೇಲೆ ಓಡಿಸಲು ಎಂಜಿನಿಲ್ಲ. ಪ್ರಯಾಣಿಕರ ಗಾಡಿಯನ್ನೆಳೆದ ವೈ.ಪಿ., ಸರಕಿನ ಗಾಡಿಯನ್ನೆಳೆದ ವೈ.ಜಿ. ಈ ಎರಡು ವರ್ಗಗಳು ಸ್ವಾತಂತ್ರ್ಯಾನಂತರದ ನಮ್ಮ ಮೀಟರ್‌ಗೇಜಿನ ಮುಖ್ಯ ಉಗಿ ಎಂಜಿನುಗಳು. ವೈ.ಪಿ. 871 ತಯಾರಾದವು, ವೈ.ಜಿ. 1000ಕ್ಕೂ ಮೀರಿ ತಯಾರಾದವು. ಜಮಶೇದಪುರದ ಟೆಲ್ಕೊ ಕಾರ್ಖಾನೆ ಇವುಗಳಲ್ಲಿ ಬಹು ದೊಡ್ಡ ಪಾಲನ್ನು ಕಟ್ಟಿತು. ಆದರೂ ಜರ್ಮನಿಯ ಅಥವಾ ಇಂಗ್ಲೆಂಡಿನ ಎಂಜಿನನ್ನು ಕೊಳ್ಳುವಷ್ಟು ಸುಲಭವಾಗಿ ಇವುಗಳ ಪ್ರತಿರೂಪವನ್ನು ಕೊಳ್ಳಲಾಗದು. ಸಂಗ್ರಾಹಕನು ಕೊಳ್ಳುವುದು ಮಾರುವವನು ತಯಾರಿಸಿದ್ದನ್ನು. ತಯಾರಿಸುವವನು ನೋಡುವುದು ಎಲ್ಲಿ ಕೊಳ್ಳುವವರು ಹೆಚ್ಚೆಂಬುದನ್ನು. ನಲವತ್ತು ಎಂಜಿನುಗಳಿರುವ ಕಪಾಟು ನಲವತ್ತೊಂದಾದಾಗ ಈ ಕೊರತೆ ಎಳ್ಳಷ್ಟೂ ತುಂಬುವುದಿಲ್ಲ.

ಬಾರ್ಸಿಯ ದೃಷ್ಟಾಂತ ಇನ್ನೂ ಸ್ಪಷ್ಟವಾದುದು. ಅದೇ ಕ್ಯಾಲ್ತ್ರಾಪನು ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ ಸ್ಟಾಫರ್ಡ್‌ಶೈರಿನಲ್ಲಿ ಲೀಕ್ ಅಂಡ್ ಮ್ಯಾನಿಫೋಲ್ಡ್ ಎಂಬ ಚಿಕ್ಕ ರೇಲ್ವೆಯನ್ನು ಕಟ್ಟಿಸಿದನು. ಗೇಜು ಬಾರ್ಸಿಯದೇ, ಎಂಜಿನುಗಳು ಬಾರ್ಸಿಗೆ ಎಂಜಿನು ಕಟ್ಟಿಕೊಟ್ಟ ಲೀಡ್ಸಿನ ಕಿಟ್ಸನ್ ಕಾರ್ಖಾನೆಯವೇ, ಇಂಗ್ಲೆಂಡಿನ ಆ ಕಣಿವೆಯಲ್ಲಿ ಅಗತ್ಯವೇ ಇಲ್ಲದಿದ್ದರೂ ಹಿಂದುಸ್ಥಾನದ ಕಾಡುಮೇಡಿಗೆ ತಕ್ಕಂತಹ ದೊಡ್ಡ ದೀಪಗಳನ್ನು ಅವುಗಳ ನೆತ್ತಿಗೆ ಕೂಡಿಸಿದ್ದರು. ಎಂಟು ಮೈಲು ಉದ್ದದ ಆ ದಾರಿ 1904ರಲ್ಲಿ ತೆರೆದು 1934ರಲ್ಲಿ ಮುಚ್ಚಿತು. ಅದನ್ನು ಪ್ರತಿರೂಪದಲ್ಲಿ ಕಟ್ಟಿದ ಹವ್ಯಾಸಿಗಳು ಆ ದೇಶದಲ್ಲಿ ಹಲವರು. ಸುಮಾರು 200 ಮೈಲು ಹಬ್ಬಿ, ಒಂದು ಶತಮಾನಕ್ಕೂ ಹೆಚ್ಚುಕಾಲ ವಾರಕರಿಗಳನ್ನು ಹೊತ್ತ ಮೂಲ ಬಾರ್ಸಿಗೆ ಆ ಭಾಗ್ಯದ ಹತ್ತರಲ್ಲೊಂದು ಪಾಲೂ ಬಂದಿಲ್ಲ. ಮಗನ ಚಿತ್ರ ಮನೆಮನೆಯಲ್ಲಿ, ತಂದೆಯ ಚಿತ್ರ ಎಲ್ಲಿಯೂ ಇಲ್ಲ ಎಂಬಂತೆ ಆಗಿದೆ.

ಸಂಗ್ರಾಹಕರನ್ನು ಜರೆಯುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕೊಂಡು ಕೂಡಿಡುವವನಿಗೂ ಅಳೆದು ಕಟ್ಟುವವನಿಗೂ ಅಂತರವಿದೆಯೆಂಬುದಷ್ಟೇ ನಮ್ಮ ಅಭಿಪ್ರಾಯ. ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯದ ತರುಣನು 1925ರಲ್ಲಿ ಬ್ರಿಟನ್ನಿಗೆ ಬಂದು, ಹಳ್ಳಿಯ ಹುಲ್ಲು ಹೊದಿಸಿದ ಮನೆಗಳು ಒಂದೊಂದಾಗಿ ರೂಪಗೆಡುತ್ತಿರುವುದನ್ನು ಕಂಡು, ಅವನ್ನು ಅಳೆದು ಪ್ರತಿರೂಪದಲ್ಲಿ ಉಳಿಸಲು ಹೊರಟನು. ಅವನು 1954ರಲ್ಲಿ ಲಾಂಗ್ ವಿಟನಮ್ ಎಂಬ ಹಳ್ಳಿಯಲ್ಲಿ ಆರಂಭಿಸಿದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ರೈಲು ಉಂಟು. ಆದರೆ ರೈಲು ಹಾಯ್ದುಹೋಗುವ ಹೊಲ, ಮನೆ, ತೋಟಗಳಿಗೂ ಅಷ್ಟೇ ಬೆಲೆಯುಂಟು. ಅಲ್ಲಿ ಒಂದೊಂದು ಮನೆಯ ಹಿಂದೆಯೂ ಛಾಯಾಚಿತ್ರಗಳು, ಟಿಪ್ಪಣಿಗಳು, ಅಳತೆಗಳು ಇವೆ. ಇತಿಹಾಸಕ್ಕೆ ಆಧಾರವಾಗುವುದು ಪ್ರತಿರೂಪವೇ ಅಲ್ಲ, ಅದನ್ನು ಕಟ್ಟುವಾಗ ಹುಟ್ಟಿದ ಈ ಟಿಪ್ಪಣಿಗಳು. ಪೆಟ್ಟಿಗೆಯಿಂದ ತೆಗೆದ ಎಂಜಿನು ಎಷ್ಟು ಸುಂದರವಾಗಿದ್ದರೂ ಈ ಕೆಲಸವನ್ನು ಕೊಂಡವನಿಂದ ಮಾಡಿಸುವುದಿಲ್ಲ.

ನಮ್ಮಲ್ಲಿ ಅಳೆಯಲು ಇನ್ನೂ ಏನು ಉಳಿದಿದೆ? ಮೈಸೂರಿನಲ್ಲಿ 1979ರಿಂದ ರೇಲ್ವೆ ವಸ್ತುಸಂಗ್ರಹಾಲಯವಿದೆ. ಅಲ್ಲಿ ಉಗಿ ಎಂಜಿನುಗಳೂ, ಮೈಸೂರು ರಾಜಮನೆತನದ ಸಲೂನು ಡಬ್ಬಿಯೂ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರೂ ಇವೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ತೆರೆದಿದೆ. ಸದರ್ನ್ ಮರಾಠಾ ಕಂಪನಿ 1880ರ ದಶಕದಲ್ಲಿ ಸ್ಥಾಪಿಸಿದ ಹುಬ್ಬಳ್ಳಿಯ ಕಾರ್ಖಾನೆ ಈಗಲೂ ನಡೆಯುತ್ತಿದೆ. ಆದರೆ ನಿಂತಿರುವ ಎಂಜಿನು ಅರ್ಧವನ್ನಷ್ಟೇ ಹೇಳುತ್ತದೆ. ಶೇಡಬಾಳದಲ್ಲಿ ನೀರಿನ ಕಂಬ ಎಲ್ಲಿದ್ದಿತು, ಕುಡಚಿಯ ಏರಿನಲ್ಲಿ ಎಷ್ಟು ಡಬ್ಬಿಗಳನ್ನು ಕಟ್ಟುತ್ತಿದ್ದರು, ಕಬ್ಬಿನ ಹಂಗಾಮಿನಲ್ಲಿ ಉಗಾರದ ಬದಿಹಳಿಯಲ್ಲಿ ಎಂಜಿನು ಯಾವ ದಿಕ್ಕಿಗೆ ಮುಖಮಾಡಿ ನಿಲ್ಲುತ್ತಿದ್ದಿತು ಎಂಬುದನ್ನು ಹೇಳಬಲ್ಲವರು ಅಂದಿನ ಡ್ರೈವರರು, ಫೈರ್‌ಮನ್ನರು, ಪಾಯಿಂಟ್ಸ್‌ಮನ್ನರು. ಮೀಟರ್‌ಗೇಜಿನ ಕೊನೆಯ ವರ್ಷಗಳಲ್ಲಿ ನಡುವಯಸ್ಸಿನವರಾಗಿದ್ದವರು ಇಂದು ಎಂಬತ್ತರ ಆಚೀಚೆ ಇದ್ದಾರೆ. ಕಿರುರೈಲು ಕಟ್ಟುವ ಹವ್ಯಾಸಿಯು ಅವರಲ್ಲಿಗೆ ಹೋದರೆ ಇತಿಹಾಸದ ಅಧ್ಯಾಪಕರು ಕೇಳದ ಪ್ರಶ್ನೆಗಳನ್ನು ಕೇಳುತ್ತಾನೆ. ಏಕೆಂದರೆ ಕಂಬವನ್ನು ಎಲ್ಲಿಯೋ ಒಂದು ಕಡೆ ಅವನು ನೆಡಲೇಬೇಕು. 'ನಿಲ್ದಾಣದ ಸಮೀಪ ನೀರಿನ ವ್ಯವಸ್ಥೆಯಿದ್ದಿತು' ಎಂದು ನಾವು ಬರೆದು ಪಾರಾದಂತೆ ಅವನು ಪಾರಾಗಲಾರ.

ಈ ಮಾತು ನಮಗೂ ಅನ್ವಯಿಸುತ್ತದೆ. ಮಿರಜದಿಂದ ಪಂಢರಪುರಕ್ಕೆ ಹೋಗುವ ನ್ಯಾರೋಗೇಜು ಗಾಡಿಯಲ್ಲಿ ನಾವು ಬಾಲ್ಯದಲ್ಲಿ ಮನೆಯವರೊಡನೆ ಪ್ರಯಾಣ ಮಾಡಿದ್ದೇವೆ. ಎದುರು ಬದುರು ಕುಳಿತವರ ಮೊಣಕಾಲುಗಳು ತಾಗುತ್ತಿದ್ದುದು ನೆನಪಿದೆ. ಗಾಡಿ ನಿಧಾನವೆಂದು ದೊಡ್ಡವರು ಬೇಸರಪಟ್ಟುದು ನೆನಪಿದೆ. ಡಬ್ಬಿಯ ಅಗಲವೆಷ್ಟು, ಕಿಟಕಿಗಳೆಷ್ಟು, ಹೊರಗಿನ ಬಣ್ಣ ಯಾವುದು ಎಂದು ಕಳೆದ ತಿಂಗಳು ಒಬ್ಬ ಹವ್ಯಾಸಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಯ ಹಳೆಯ ಛಾಯಾಚಿತ್ರಗಳಲ್ಲಿ ಹುಡುಕಿದೆವು. ಪಂಢರಪುರದ ದೇವಾಲಯದ ಮುಂದೆ ನಿಂತು ತೆಗೆಸಿಕೊಂಡುದು ಒಂದು ದೊರೆಯಿತು. ಗಾಡಿಯದು ಒಂದೂ ಇರಲಿಲ್ಲ.